ಚಪ್ಪಟೆ ಗಾಜಿನ ಮೇಲೆ ತಿರುಗಿದ ಘನ

ನಮ್ಮ ಭಾಷೆಯಲ್ಲಿ 'ಘನ' ಎಂಬ ಶಬ್ದಕ್ಕೆ ಬಿಡುವೇ ಇಲ್ಲ. ವಿಜ್ಞಾನದ ಮೇಷ್ಟ್ರಿಗೆ ಅದು ದ್ರವವೂ ಅಲ್ಲದ, ಅನಿಲವೂ ಅಲ್ಲದ ವಸ್ತು. ಗಣಿತದ ಮೇಷ್ಟ್ರಿಗೆ ಆರು ಚೌಕ ಮುಖಗಳ ಆಕೃತಿ. ಎರಡರ ಘನ ಎಂಟು ಎನ್ನುವಾಗಲೂ ಅದೇ ಶಬ್ದ. ಸಮಾಜ ಪಾಠ ಹೇಳುವ ನನ್ನಂಥವಳಿಗೆ ಘನ ಸರ್ಕಾರ, ಘನ ನ್ಯಾಯಾಲಯ. ಯಾವ ಅರ್ಥದಲ್ಲಿ ಹೇಳಿದರೂ ಘನವಾದದ್ದಕ್ಕೆ ಒಂದು ತೂಕವಿರುತ್ತದೆ, ಒಂದು ಮುಂದು ಒಂದು ಹಿಂದು ಇರುತ್ತದೆ. ಅಂಥ ವಸ್ತುವನ್ನು ತೂಕವೇ ಇಲ್ಲದ ಬೆಳಕಿನ ಚುಕ್ಕಿಗಳಿಂದ ಕಟ್ಟಿ, ಚಪ್ಪಟೆ ಗಾಜಿನ ಮೇಲೆ ಗಿರಗಿರನೆ ತಿರುಗಿಸಿ, ನೋಡುವವರ ಕಣ್ಣಿಗೆ ನಿಜವೆನ್ನಿಸಿದ ಕಥೆಯೊಂದಿದೆ. ಪಾಣಿಪತ್ತಿನ ಕದನಗಳನ್ನು ಇಸವಿ ಸಮೇತ ಕಂಠಪಾಠ ಮಾಡಿಸುವ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಆದರೆ ಅದೂ ಚರಿತ್ರೆಯೇ. ನನ್ನ ಕಣ್ಣೆದುರಿಗೆ ನಡೆದದ್ದೂ ಅದರಲ್ಲಿ ಒಂದಿಷ್ಟಿದೆ.

ಮೊದಲು ಈ ಕೆಲಸ ನಡೆದದ್ದು ದೊಡ್ಡ ದೊಡ್ಡ ಯಂತ್ರಗಳಲ್ಲಿ. 1963ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಎಡ್ವರ್ಡ್ ಝಾಜಾಕ್ ಎಂಬುವರು ಭೂಮಿಯನ್ನು ಸುತ್ತುವ ಉಪಗ್ರಹವೊಂದನ್ನು ಕಂಪ್ಯೂಟರಿನಿಂದ ಚಿತ್ರಿಸಿ ಚಲನಚಿತ್ರ ಮಾಡಿದರು. ಉಪಗ್ರಹವೆಂದರೆ ಬರೀ ಗೆರೆಗಳ ಒಂದು ಪೆಟ್ಟಿಗೆ. ಅದು ಹೊರಳುತ್ತ ಹೊರಳುತ್ತ ಸಾಗುವುದನ್ನು ತೋರಿಸಿದ ಆ ತುಣುಕು ಕಂಪ್ಯೂಟರಿನಿಂದ ತಯಾರಾದ ಮೊದಮೊದಲ ಚಲನಚಿತ್ರಗಳಲ್ಲೊಂದು. ಅದೇ ವರ್ಷ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಐವಾನ್ ಸದರ್ಲ್ಯಾಂಡ್ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವುದನ್ನು ಸಾಧಿಸಿದ್ದರು. ಅಲ್ಲಿಯೇ ಇದ್ದ ಲಾರೆನ್ಸ್ ರಾಬರ್ಟ್ಸ್, ಘನವಸ್ತುವಿನ ಹಿಂಬದಿಯ ಗೆರೆಗಳನ್ನು ಮರೆಮಾಡುವ ಲೆಕ್ಕವನ್ನು ತಮ್ಮ ಪ್ರೌಢಪ್ರಬಂಧದಲ್ಲಿ ಬರೆದರು. ಆ ಯಂತ್ರಗಳಿಗೆ ಒಂದೊಂದು ದೊಡ್ಡ ಕೋಣೆಯೇ ಬೇಕಿತ್ತು. ಸಾಮಾನ್ಯರು ಅವನ್ನು ಮುಟ್ಟುವ ಮಾತಿರಲಿ, ನೋಡುವಂತೆಯೂ ಇರಲಿಲ್ಲ.

ಬದಲಾವಣೆ ಬಂದದ್ದು 1975ರಲ್ಲಿ. ಮಾಸ್ ಟೆಕ್ನಾಲಜಿ ಎಂಬ ಕಂಪನಿ 6502 ಎಂಬ ಚಿಪ್ಪನ್ನು 25 ಡಾಲರಿಗೆ ಮಾರಲು ಕುಳಿತಿತು. ಬೇರೆಯವರ ಚಿಪ್ಪುಗಳಿಗೆ ಆಗ ನೂರಾರು ಡಾಲರು ಬೆಲೆ. ಅಗ್ಗದ ಈ ಚಿಪ್ಪಿನಿಂದಲೇ ಮನೆಗೆ ತರಬಹುದಾದ ಕಂಪ್ಯೂಟರುಗಳು ಹುಟ್ಟಿದವು. ಅವುಗಳಲ್ಲೊಂದು ಇಂಗ್ಲೆಂಡಿನ ಬಿಬಿಸಿ ಮೈಕ್ರೋ. ಜನರಿಗೆ ಕಂಪ್ಯೂಟರ್ ವಿದ್ಯೆ ಕಲಿಸುವ ಟಿ.ವಿ. ಕಾರ್ಯಕ್ರಮಕ್ಕೆ ಜೊತೆಯಾಗಿ ಒಂದು ಯಂತ್ರ ಬೇಕೆಂದು ಬಿಬಿಸಿ ಬಯಸಿತು. ಕೇಂಬ್ರಿಜಿನ ಏಕಾರ್ನ್ ಕಂಪನಿಯ ಸ್ಟೀವ್ ಫರ್ಬರ್, ಸೋಫಿ ವಿಲ್ಸನ್ ಮತ್ತು ಸಂಗಡಿಗರು ಸೋಮವಾರದಿಂದ ಶುಕ್ರವಾರದೊಳಗೆ ಮಾದರಿ ಯಂತ್ರ ಕಟ್ಟಿ ತೋರಿಸಿದರು. ಅದಕ್ಕೆ ಬೇಕಾದ ಬೇಸಿಕ್ ಭಾಷೆಯನ್ನು ಬರೆದವರು ವಿಲ್ಸನ್. 1981ರ ಡಿಸೆಂಬರಿನಲ್ಲಿ ಯಂತ್ರ ಹೊರಬಂತು. ಹನ್ನೆರಡು ಸಾವಿರ ಮಾರಾಟವಾದೀತೆಂದು ಮೊದಲು ಅಂದಾಜು ಮಾಡಿದ್ದರು. ಕೊನೆಗೆ ಹೋದದ್ದು 15 ಲಕ್ಷ.

ಆ 15 ಲಕ್ಷದಲ್ಲಿ ಕೆಲವು ನಮ್ಮ ದೇಶಕ್ಕೂ ಬಂದವು. 1984–85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಲ್ಲಿ ಮೊದಲ ಹಂತಕ್ಕೆ ದೇಶದ 250 ಶಾಲೆಗಳನ್ನು ಆರಿಸಿ ಬಿಬಿಸಿ ಮೈಕ್ರೋಗಳನ್ನು ಕೊಟ್ಟಿತು. ವರ್ಷ ಕಳೆದಂತೆ ಇನ್ನಷ್ಟು ಶಾಲೆಗಳು ಸೇರಿದವು. 1992ರಲ್ಲಿ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಪ್ರೌಢಶಾಲೆಯಲ್ಲಿ ಅಂಥ ಎರಡು ಯಂತ್ರಗಳಿದ್ದವು. ಇದ್ದವು ಎಂದೆನಲ್ಲ, ಹೂವಿನ ಕಸೂತಿ ಹಾಕಿದ ಬಟ್ಟೆಯ ಕೆಳಗೆ ಇದ್ದವು. ಕೋಣೆಗೆ ಬೀಗ. ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು. ವಾರಕ್ಕೊಂದು ಕಂಪ್ಯೂಟರ್ ಪೀರಿಯಡ್ ಇತ್ತು. ಅದೇ ಹೊತ್ತಿಗೆ ಹುಡುಗಿಯರಿಗೆ ಹೊಲಿಗೆ ಪೀರಿಯಡ್. ಯಂತ್ರದ ಮೇಲಿನ ಬಟ್ಟೆಗೆ ಕಸೂತಿ ಹಾಕಿದ್ದು ಹುಡುಗಿಯರು, ಬಟ್ಟೆ ತೆಗೆದು ನೋಡುವವರು ಹುಡುಗರು. ಇದನ್ನು ಯಾರೂ ಅನ್ಯಾಯವೆಂದು ಮಾಡಿದ್ದಲ್ಲ. ವೇಳಾಪಟ್ಟಿ ಹಾಗಿತ್ತು, ಅಷ್ಟೇ. ಎಷ್ಟೋ ಅನ್ಯಾಯಗಳು ವೇಳಾಪಟ್ಟಿಯ ರೂಪದಲ್ಲೇ ಬರುತ್ತವೆ.

ನಮ್ಮ ಗಣಿತದ ಮೇಷ್ಟ್ರಿಗೆ ಇದು ಸರಿಬರಲಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅವರು ಬೀಗ ತೆಗೆದು, ಬೇಕಾದವರು ಬನ್ನಿ ಎಂದರು. ಹುಡುಗಿಯರೂ ಬಂದರು, ಕುತೂಹಲಕ್ಕೆ ನಾನೂ ಹೋದೆ. ಒಂದು ದಿನ ಅವರು, "ಇವತ್ತು ಪೆಟ್ಟಿಗೆ ತಿರುಗಿಸೋಣ" ಎಂದು ಬೋರ್ಡಿನ ಮೇಲೆ ಬರೆಯತೊಡಗಿದರು.

ಅದು ನಮ್ಮ ಚುಕ್ಕಿ ರಂಗೋಲಿಯೇ. ಮೊದಲು ಚುಕ್ಕಿ ಇಡುವುದು, ಆಮೇಲೆ ಗೆರೆ ಎಳೆಯುವುದು. ಘನಕ್ಕೆ ಎಂಟು ಮೂಲೆ, ಎಂಟು ಚುಕ್ಕಿ. ಒಂದೊಂದು ಚುಕ್ಕಿಗೂ ಮೂರು ಸಂಖ್ಯೆ: ನಡುವಿನಿಂದ ಎಷ್ಟು ಬಲಕ್ಕೆ, ಎಷ್ಟು ಮೇಲಕ್ಕೆ, ಎಷ್ಟು ಹಿಂದಕ್ಕೆ. ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರೆ ಎಂಬ ಪಟ್ಟಿ ಬೇರೆ. ಅದರಲ್ಲಿ ಹನ್ನೆರಡು ಗೆರೆ. ಘನ ತಿರುಗಿದರೂ ಗೆರೆಗಳ ಪಟ್ಟಿ ಬದಲಾಗುವುದಿಲ್ಲ, ಚುಕ್ಕಿಗಳ ಸ್ಥಾನ ಮಾತ್ರ ಬದಲಾಗುತ್ತದೆ. ಹೊಸ ಸ್ಥಾನವನ್ನು ಹೇಳುವುದು ಸೈನ್ ಮತ್ತು ಕೊಸೈನ್. ಬಲಕ್ಕೆ 100 ಅಳತೆಯಲ್ಲಿರುವ ಚುಕ್ಕಿಯನ್ನು 30 ಡಿಗ್ರಿ ತಿರುಗಿಸಿದರೆ ಅದು ಬಲಕ್ಕೆ 87ಕ್ಕೂ ಪಕ್ಕದ ದಿಕ್ಕಿಗೆ 50ಕ್ಕೂ ಬಂದು ನಿಲ್ಲುತ್ತದೆ. ಹೀಗೆ ಎಂಟೂ ಚುಕ್ಕಿಗಳಿಗೆ ಲೆಕ್ಕ ಹಾಕಿ, ಹಳೆಯ ಗೆರೆ ಅಳಿಸಿ ಹೊಸ ಗೆರೆ ಎಳೆದರೆ ಒಂದು ಚಿತ್ರ. ಮತ್ತೆ ಸ್ವಲ್ಪ ತಿರುಗಿಸಿ ಅದನ್ನೇ ಮಾಡಿದರೆ ಇನ್ನೊಂದು ಚಿತ್ರ.

ಮೇಷ್ಟ್ರು ಕಾರ್ಯಕ್ರಮ ಓಡಿಸಿದರು. ಗೆರೆಗಳು ಒಂದರ ಹಿಂದೊಂದು ಮೂಡುವುದು ಕಣ್ಣಿಗೆ ಕಾಣುವಷ್ಟು ನಿಧಾನ. ಆದರೂ ಪೆಟ್ಟಿಗೆ ತಿರುಗಿತು. ಕೂಡಲೇ ಜಗಳ ಶುರುವಾಯಿತು. ಅರ್ಧ ಮಕ್ಕಳು ಅದು ಬಲಕ್ಕೆ ತಿರುಗುತ್ತಿದೆ ಎಂದರು, ಇನ್ನರ್ಧ ಎಡಕ್ಕೆ ಎಂದರು. ಸುಮ್ಮನೆ ನೋಡುತ್ತಿದ್ದರೆ ನನಗೇ ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗಿದಂತೆ ಕಂಡಿತು. ಬರೀ ಗೆರೆಗಳ ಘನದಲ್ಲಿ ಯಾವುದು ಮುಂದಿನ ಮುಖ, ಯಾವುದು ಹಿಂದಿನ ಮುಖ ಎಂದು ಕಣ್ಣು ತೀರ್ಮಾನಿಸಲಾರದು. 1832ರಲ್ಲೇ ಲೂಯಿ ಆಲ್ಬರ್ಟ್ ನೆಕರ್ ಎಂಬ ಸ್ವಿಸ್ ವಿಜ್ಞಾನಿ ಹರಳುಗಳ ಚಿತ್ರ ನೋಡುತ್ತ ಇದನ್ನು ಗಮನಿಸಿ ಬರೆದಿದ್ದರು.

ಜಗಳ ತೀರಿಸಲು ಮೇಷ್ಟ್ರು ಇನ್ನೊಂದು ಸಾಲು ಸೇರಿಸಿದರು: ಪ್ರತಿ ಚುಕ್ಕಿಯನ್ನೂ ಅದರ ದೂರದಿಂದ ಭಾಗಿಸು. 60 ಅಳತೆ ಬಲಕ್ಕಿರುವ ಮೂಲೆ 3 ಅಳತೆ ದೂರದಲ್ಲಿದ್ದರೆ ಪರದೆಯಲ್ಲಿ 20ಕ್ಕೆ ಬೀಳುತ್ತದೆ; 6 ಅಳತೆ ದೂರದಲ್ಲಿದ್ದರೆ 10ಕ್ಕೆ. ರಸ್ತೆಯ ಸಾಲುಮರಗಳು ದೂರ ಹೋದಂತೆ ಚಿಕ್ಕದಾಗುವ ನ್ಯಾಯವೇ ಇದು. ಈಗ ಹಿಂದಿನ ಮುಖ ಕುಗ್ಗಿತು, ಪೆಟ್ಟಿಗೆಗೆ ಆಳ ಬಂತು, ಜಗಳ ಅರ್ಧ ನಿಂತಿತು. ಆಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು:

"ಸಾರ್, ಇದೇನು ಗಾಜಿನ ಪೆಟ್ಟಿಗೇನಾ? ಹಿಂದಿನ ಗೆರೆಯೆಲ್ಲ ಕಾಣ್ತದಲ್ಲ?"

"ಯಂತ್ರಕ್ಕೆ ಹಿಂದು ಮುಂದು ಗೊತ್ತಿಲ್ಲಮ್ಮ. ನಾವೇ ಹೇಳಬೇಕು."

ಆ ಉತ್ತರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಯಂತ್ರಕ್ಕೆ ಪೆಟ್ಟಿಗೆ ಗೊತ್ತಿಲ್ಲ, ತಿರುಗುವುದು ಗೊತ್ತಿಲ್ಲ, ಮುಂದು ಹಿಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಘನವೆಂದರೇನು ಎಂಬುದನ್ನು ಹೇಳಿಕೊಡಬೇಕಾದವರು ಮೊದಲು ತಾವು ಅರಿತಿರಬೇಕು. ನಾವು ದಿನಾ ಕಾಣುವ ಪೆಟ್ಟಿಗೆಯನ್ನು ಅರಿತಿದ್ದೇವೆಂದು ಅಂದುಕೊಂಡಿರುತ್ತೇವೆ. ಯಂತ್ರಕ್ಕೆ ಹೇಳಹೊರಟಾಗ ಆ ಅರಿವಿನಲ್ಲಿ ಎಲ್ಲೆಲ್ಲಿ ತೂತಿದೆ ಎಂದು ತಿಳಿಯುತ್ತದೆ.

ಹಿಂಬದಿಯನ್ನು ಮರೆಮಾಡುವ ಉಪಾಯವನ್ನು ಮೇಷ್ಟ್ರು ಬೆಂಕಿಕಡ್ಡಿಯಿಂದ ತೋರಿಸಿದರು. ರಟ್ಟಿನ ಪೆಟ್ಟಿಗೆಯ ಪ್ರತಿ ಮುಖದ ನಡುವೆ ಹೊರಮುಖವಾಗಿ ಒಂದೊಂದು ಕಡ್ಡಿ ಚುಚ್ಚಿದರು. ಪೆಟ್ಟಿಗೆ ತಿರುಗಿಸುವಾಗ ಯಾವ ಕಡ್ಡಿಯ ತುದಿ ನಮ್ಮತ್ತ ವಾಲುತ್ತದೋ ಆ ಮುಖ ನಮಗೆ ಕಾಣುತ್ತದೆ. ಅತ್ತ ವಾಲಿದರೆ ಕಾಣುವುದಿಲ್ಲ. ಎರಡು ಮುಖಗಳು ಸೇರುವ ಅಂಚಿನಲ್ಲಿ ಒಂದು ಮುಖವಾದರೂ ಕಾಣುತ್ತಿದ್ದರೆ ಆ ಗೆರೆ ಎಳೆ, ಎರಡೂ ಕಾಣದಿದ್ದರೆ ಬಿಡು. ತಗ್ಗು ಕುಳಿಗಳಿಲ್ಲದ ಯಾವ ಘನಕ್ಕಾದರೂ ಈ ಸೂತ್ರ ಸಾಕು. ಇದರಲ್ಲಿ ಉಳಿತಾಯವೂ ಇದೆ. ಘನದ ಹನ್ನೆರಡು ಗೆರೆಗಳಲ್ಲಿ ಒಮ್ಮೆಗೆ ಕಾಣುವುದು ಹೆಚ್ಚೆಂದರೆ ಒಂಬತ್ತು. ಉಳಿದ ಗೆರೆ ಎಳೆಯುವ ಶ್ರಮ ತಪ್ಪಿತು.

ಉಳಿತಾಯದ ಮಾತು ಸುಮ್ಮನೆ ಬಂದದ್ದಲ್ಲ. 6502 ಚಿಪ್ಪಿಗೆ ಕೂಡುವುದು ಕಳೆಯುವುದು ಬರುತ್ತಿತ್ತು, ಗುಣಿಸುವುದೇ ಬರುತ್ತಿರಲಿಲ್ಲ! ಒಮ್ಮೆಗೆ ಅದು ಹಿಡಿಯಬಲ್ಲ ಸಂಖ್ಯೆ 0ಯಿಂದ 255ರವರೆಗೆ. ಬಿಬಿಸಿ ಮೈಕ್ರೋದಲ್ಲಿ ಅದು ಸೆಕೆಂಡಿಗೆ 20 ಲಕ್ಷ ಮಿಡಿತಗಳಲ್ಲಿ ಓಡುತ್ತಿತ್ತು. ದೊಡ್ಡ ಸಂಖ್ಯೆ ಎನಿಸೀತು; ಆದರೆ ಟಿ.ವಿ. ಪರದೆ ಸೆಕೆಂಡಿಗೆ 50 ಸಲ ಹೊಸದಾಗುವುದರಿಂದ ಒಂದು ಚಿತ್ರದ ಪಾಲಿಗೆ ಬರುವುದು 40,000 ಮಿಡಿತ ಮಾತ್ರ. ಒಂದು ಗುಣಾಕಾರಕ್ಕೇ ನೂರಕ್ಕೂ ಹೆಚ್ಚು ಮಿಡಿತ ಖರ್ಚಾಗುತ್ತಿತ್ತು. ನೆನಪಿನ ಜಾಗ ಒಟ್ಟು 32 ಕೆಬಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆ ಅಂಗೈ ಅಗಲ, ಮಲಗಬೇಕಾದವನು ಆಜಾನುಬಾಹು.

ಆ ಕಾಲದ ಪ್ರೋಗ್ರಾಮರುಗಳು ಮಾಡಿದ ಉಪಾಯಗಳನ್ನು ಓದಿದರೆ ಜಾಣ ಗೃಹಿಣಿಯ ಅಡುಗೆಮನೆ ನೆನಪಾಗುತ್ತದೆ. ಸಾರಿನ ಪುಡಿಯನ್ನು ನಾವು ದಿನಾ ಹುರಿದು ಕುಟ್ಟುವುದಿಲ್ಲ, ಒಮ್ಮೆ ಮಾಡಿ ಡಬ್ಬಿಗೆ ತುಂಬುತ್ತೇವೆ. ಹಾಗೆ ಸೈನ್ ಬೆಲೆಗಳನ್ನು ಪ್ರತಿಸಲ ಲೆಕ್ಕ ಹಾಕದೆ ಮೊದಲೇ ಪಟ್ಟಿ ಮಾಡಿ ಇಟ್ಟುಕೊಂಡರು. ವೃತ್ತವನ್ನು 360 ಭಾಗ ಮಾಡುವ ಬದಲು 256 ಭಾಗ ಮಾಡಿದರು. 255 ಆದ ಮೇಲೆ ಚಿಪ್ಪು ತಾನಾಗಿ ಸೊನ್ನೆಗೆ ಮರಳುವುದರಿಂದ, ಒಂದು ಸುತ್ತು ಮುಗಿಯಿತೇ ಎಂದು ಕೇಳುವ ಕೆಲಸವೇ ಇಲ್ಲವಾಯಿತು. ಗುಣಾಕಾರಕ್ಕೂ ಒಂದು ಡಬ್ಬಿ ಇತ್ತು. ವರ್ಗಗಳನ್ನು ನಾಲ್ಕರಿಂದ ಭಾಗಿಸಿದ ಪಟ್ಟಿಯೊಂದಿದ್ದರೆ ಗುಣಿಸದೆಯೇ ಗುಣಲಬ್ಧ ಸಿಗುತ್ತದೆ. 7 ಮತ್ತು 5ನ್ನು ಗುಣಿಸಬೇಕೇ? ಕೂಡಿದರೆ 12, ಕಳೆದರೆ 2. ಪಟ್ಟಿಯಲ್ಲಿ 12ರ ಎದುರು 36, 2ರ ಎದುರು 1. ಕಳೆದರೆ 35. ಗೆರೆ ಎಳೆಯುವುದಕ್ಕೆ ಐಬಿಎಂನ ಬ್ರೆಸೆನ್‌ಹ್ಯಾಮ್ 1962ರಲ್ಲಿ ಕಂಡುಹಿಡಿದ, ಕೂಡು–ಕಳೆಯಲ್ಲೇ ಮುಗಿಯುವ ವಿಧಾನವಿತ್ತು. ಎಳೆದ ಗೆರೆಯನ್ನು ಅಳಿಸಲು ಅದನ್ನೇ ಮತ್ತೊಮ್ಮೆ ಎಳೆದರೆ ಸಾಕು ಎನ್ನುವ ಏರ್ಪಾಟೂ ಇತ್ತು. ಒಮ್ಮೆ ಒತ್ತಿದರೆ ಹತ್ತಿ ಇನ್ನೊಮ್ಮೆ ಒತ್ತಿದರೆ ಆರುವ ಗುಂಡಿಯಂತೆ.

ಸೈನ್ ಪಟ್ಟಿಯ ವಿಷಯ ಬಂದಾಗ ನನ್ನೊಳಗಿನ ಚರಿತ್ರೆಯ ಟೀಚರು ಸುಮ್ಮನಿರಲಾರಳು. ಕ್ರಿ.ಶ. 499ರಲ್ಲಿ ಆರ್ಯಭಟ ಇದೇ ಕೆಲಸ ಮಾಡಿದ್ದ. ಕಾಲು ವೃತ್ತವನ್ನು 24 ಭಾಗ ಮಾಡಿ, ಒಂದೊಂದು ಭಾಗಕ್ಕೂ ಅರ್ಧಜ್ಯಾದ ಹೆಚ್ಚಳವನ್ನು ಲೆಕ್ಕ ಹಾಕಿ, ಆ 24 ಸಂಖ್ಯೆಗಳನ್ನು ಅಕ್ಷರಗಳಲ್ಲಿ ಅಡಗಿಸಿ ಒಂದೇ ಶ್ಲೋಕದಲ್ಲಿ ಇಟ್ಟ. 225, 224, 222, 219 ಎಂದು ಅದು ಸಾಗುತ್ತದೆ. ತ್ರಿಜ್ಯ 3438. ಮೊದಲ ಎಂಟನ್ನು ಕೂಡಿದರೆ 1719, ಅಂದರೆ ತ್ರಿಜ್ಯದ ಸರಿಯಾದ ಅರ್ಧ. 30 ಡಿಗ್ರಿಯ ಸೈನ್ ಅರ್ಧವೆಂದು ಇಂದೂ ನಾವು ಕಲಿಸುತ್ತೇವೆ. ಅವನ 'ಜ್ಯಾ' 'ಜೀವಾ' ಆಗಿ ಅರಬ್ಬರಲ್ಲಿಗೆ ಹೋಯಿತು. ಅಲ್ಲಿ ಅದನ್ನು ಮಡಿಲು, ಕಿಸೆ ಎಂಬರ್ಥದ 'ಜೈಬ್' ಎಂದು ಓದಿದರು. ಲ್ಯಾಟಿನ್ನಿಗೆ ಹೋಗಿ 'ಸೈನಸ್' ಆಯಿತು. ನಮ್ಮ ಅಂಗಿಯ ಜೇಬು ಕೂಡ ಅದೇ ಅರಬ್ಬೀ ಶಬ್ದ. ಕಾಗದ ದುರ್ಲಭವಾದ ಕಾಲದಲ್ಲಿ ಒಂದು ಶ್ಲೋಕ, ನೆನಪು ದುರ್ಲಭವಾದ ಯಂತ್ರದಲ್ಲಿ ಕೆಲವು ಬೈಟು. ಇಬ್ಬರ ಕಷ್ಟವೂ ಒಂದೇ, ದಾರಿಯೂ ಒಂದೇ.

ಈ ದಾರಿಯಲ್ಲಿ ಬಲು ದೂರ ಹೋದವರು ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್. ಇಬ್ಬರೂ ಕೇಂಬ್ರಿಜಿನ ಜೀಸಸ್ ಕಾಲೇಜಿನ ವಿದ್ಯಾರ್ಥಿಗಳು. 1984ರ ಸೆಪ್ಟೆಂಬರಿನಲ್ಲಿ ಅವರು ಬರೆದ 'ಎಲೈಟ್' ಎಂಬ ಆಟ ಬಿಬಿಸಿ ಮೈಕ್ರೋಗೆ ಬಂತು. ಆಟ ಶುರುವಾಗುವ ಮೊದಲೇ ಪರದೆಯ ಮೇಲೆ ಒಂದು ಆಕಾಶನೌಕೆ ನಿಧಾನವಾಗಿ ಹೊರಳುತ್ತದೆ. ಹಿಂಬದಿಯ ಗೆರೆ ಒಂದೂ ಕಾಣುವುದಿಲ್ಲ. ಆಟದೊಳಗೆ ತನ್ನಷ್ಟಕ್ಕೇ ತಿರುಗುವ ಒಂದು ನಿಲ್ದಾಣವಿದೆ. ಬೆಲ್ಲದ ಚೌಕ ಅಚ್ಚೊಂದರ ಎಂಟೂ ಮೂಲೆಗಳನ್ನು ಅಂಚಿನ ನಡುಮಧ್ಯದವರೆಗೆ ಕೊಯ್ದರೆ ಉಳಿಯುವ ಆಕಾರ ಅದರದು: ಎಂಟು ತ್ರಿಕೋನ, ಆರು ಚೌಕ, ಹನ್ನೆರಡು ಮೂಲೆ. ಅದರ ಕಿಂಡಿಯೊಳಗೆ ನೌಕೆ ನುಗ್ಗಿಸಬೇಕಾದರೆ ನಿಲ್ದಾಣದ ತಿರುಗಾಟಕ್ಕೆ ತನ್ನ ತಿರುಗಾಟವನ್ನು ಹೊಂದಿಸಿಕೊಳ್ಳಬೇಕು. ಘನವಸ್ತು ತಿರುಗುವುದನ್ನು ನೋಡುವುದಷ್ಟೇ ಅಲ್ಲ, ಅದರೊಡನೆ ತಿರುಗಬೇಕು.

ಅವರ ಜಾಣತನ ಸಣ್ಣ ಸಣ್ಣ ವಿಷಯಗಳಲ್ಲಿದೆ. ಚಿತ್ರದ ಅಗಲವನ್ನು 320 ಚುಕ್ಕಿಗಳಿಂದ 256ಕ್ಕೆ ಇಳಿಸಿದರು. ಅಡ್ಡಸ್ಥಾನ ಒಂದೇ ಬೈಟಿನಲ್ಲಿ ಹಿಡಿಯಿತು, ಪರದೆಗೆ ಹೋಗುವ ನೆನಪಿನ ಜಾಗವೂ ಉಳಿಯಿತು. ನೌಕೆಗಳು ಒಂದೊಂದು ಕ್ಷಣಕ್ಕೆ ತಿರುಗುವುದು ತೀರ ಸ್ವಲ್ಪವಾದ್ದರಿಂದ, ಅಷ್ಟು ಸಣ್ಣ ಕೋನಕ್ಕೆ ಸೈನ್ ಬೆಲೆ ಕೋನವೇ ಎಂದು ಹಿಡಿದರು, ಪಟ್ಟಿಯನ್ನೂ ನೋಡಲಿಲ್ಲ. ಇದರಲ್ಲೊಂದು ತೊಡಕಿದೆ. ಅಂದಾಜಿನ ಲೆಕ್ಕವನ್ನು ಸಾವಿರ ಸಲ ಮಾಡಿದರೆ ಆಕೃತಿ ಸೊಟ್ಟಗಾಗುತ್ತದೆ, ಹಗ್ಗದ ಮಂಚ ಬಳಸುತ್ತ ಬಳಸುತ್ತ ಜೋಲು ಬೀಳುವಂತೆ. ಅದಕ್ಕಾಗಿ ಸರದಿಯ ಮೇಲೆ ಒಂದೊಂದೇ ನೌಕೆಯನ್ನು ಹಿಡಿದು ಅದರ ದಿಕ್ಕುಗಳನ್ನು ಮತ್ತೆ ಲಂಬವಾಗಿ ಬಿಗಿಮಾಡುವ ಒಂದು ಭಾಗವನ್ನು ಬರೆದರು. ತಪ್ಪಾಗುತ್ತದೆಂದು ತಿಳಿದೇ ವೇಗದ ದಾರಿ ಹಿಡಿಯುವುದು, ತಪ್ಪು ಕಣ್ಣಿಗೆ ಬೀಳುವ ಮೊದಲೇ ತಿದ್ದುವುದು. ವಿಷಯ ಪೂರ್ತಿ ತಿಳಿದವರಿಗೆ ಮಾತ್ರ ಸಾಧ್ಯವಾಗುವ ಧೈರ್ಯ ಇದು.

ಬಿಬಿಸಿ ಮೈಕ್ರೋ ತಯಾರಿಕೆ 1994ರಲ್ಲಿ ನಿಂತಿತು. ಆದರೆ ಅದರ ವಂಶ ಅಳಿಯಲಿಲ್ಲ. ಅದನ್ನು ರೂಪಿಸಿದ ವಿಲ್ಸನ್ ಮತ್ತು ಫರ್ಬರ್ ಮುಂದೆ ಆರ್ಮ್ ಎಂಬ ಹೊಸ ಚಿಪ್ಪನ್ನು ಮಾಡಿದರು. 1985ರ ಏಪ್ರಿಲಿನಲ್ಲಿ ಅದರ ಮೊದಲ ತುಂಡು ಕೆಲಸ ಮಾಡಿತು, ಅದೂ ಬಿಬಿಸಿ ಮೈಕ್ರೋದ ಬೆನ್ನಿಗೆ ಜೋಡಿಸಿ. ಇಂದು ನಮ್ಮೆಲ್ಲರ ಜೇಬಿನಲ್ಲಿರುವ ಮೊಬೈಲುಗಳಲ್ಲಿ ಓಡುತ್ತಿರುವುದು ಬಹುಪಾಲು ಅದರ ಸಂತತಿಯೇ. ನನ್ನ ವಿದ್ಯಾರ್ಥಿಗಳು ಹೃದಯದ ಚಿತ್ರವನ್ನು ಮೊಬೈಲಿನಲ್ಲಿ ಬೆರಳಿನಿಂದ ಬೇಕಾದಂತೆ ತಿರುಗಿಸುತ್ತಾರೆ. ಬೀಗವಿಲ್ಲ, ಹೊಲಿಗೆ ಪೀರಿಯಡ್ಡೂ ಇಲ್ಲ. ಇದು ಸಣ್ಣ ಲಾಭವಲ್ಲ. ಆದರೆ "ಇದೇನು ಗಾಜಿನ ಪೆಟ್ಟಿಗೇನಾ?" ಎಂದು ಕೇಳುವ ಸಂದರ್ಭವೇ ಅವರಿಗೆ ಒದಗುವುದಿಲ್ಲ. ಎಲ್ಲವೂ ಮೊದಲೇ ಮರೆಮಾಡಿ ಬಂದಿರುತ್ತದೆ. ಅಂದು ಯಂತ್ರವನ್ನು ಮುಚ್ಚಿದ್ದದ್ದು ಬಟ್ಟೆ. ಇಂದು ಮುಚ್ಚಿರುವುದು ಅದರ ನಯ. ಬಟ್ಟೆಯನ್ನಾದರೆ ಒಬ್ಬ ಮೇಷ್ಟ್ರು ಶನಿವಾರ ಎತ್ತಿಬಿಡಬಹುದಿತ್ತು.

ಅದಕ್ಕೇ ಗುಪ್ತರ ಕಾಲದ ಪಾಠದಲ್ಲಿ ಆರ್ಯಭಟ ಬಂದಾಗ ನಾನು ಗಣಿತದವರಿಂದ ಒಂದು ಪೀರಿಯಡ್ ಸಾಲ ಪಡೆಯುತ್ತೇನೆ. ಗ್ರಾಫ್ ಹಾಳೆ ಹಂಚಿ, 15 ಡಿಗ್ರಿಗೊಂದರಂತೆ ಆರ್ಯಭಟನ ಬೆಲೆಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ: 890, 1719, 2431, 2978, 3321, 3438. ನಿಂತ ಬುಗುರಿಯಂತೆ ತಿರುಗುವ ಘನದ ಎಂಟು ಮೂಲೆಗಳ ಸ್ಥಾನವನ್ನು ಮಕ್ಕಳು ಗುಂಪು ಗುಂಪಾಗಿ ಲೆಕ್ಕ ಹಾಕಿ ಒಂದೊಂದು ಹಾಳೆಯಲ್ಲಿ ಬಿಡಿಸಬೇಕು. ಆಮೇಲೆ ಹಾಳೆಗಳನ್ನು ಹೊಲಿದು, ಹೆಬ್ಬೆರಳಿನಿಂದ ಸರಸರನೆ ಬಿಟ್ಟರೆ ಘನ ತಿರುಗುತ್ತದೆ. ಪೂರ್ತಿ ಸುತ್ತಿಗೆ 24 ಹಾಳೆ ಬೇಕೆಂದು ನಾನು ಎಣಿಸಿ ತಂದಿರುತ್ತೇನೆ. ಹಿಂದಿನ ವರ್ಷ ಕೊನೆಯ ಬೆಂಚಿನ ಒಬ್ಬಳು ಲೆಕ್ಕ ಅರ್ಧಕ್ಕೆ ನಿಲ್ಲಿಸಿ ಕೈ ಎತ್ತಿದಳು.

"ಮಿಸ್, ಕಾಲು ಸುತ್ತು ಆದ ಮೇಲೆ ಪೆಟ್ಟಿಗೆ ಮೊದಲಿನ ಹಾಗೇ ಕಾಣುತ್ತೆ. ಆರು ಹಾಳೆ ಬಿಡಿಸಿದರೆ ಸಾಕಲ್ವಾ? ಅದನ್ನೇ ತಿರುಗಿ ತಿರುಗಿ ಹಾಕಬಹುದು."

ಉಳಿದ ಹದಿನೆಂಟು ಹಾಳೆಗಳನ್ನು ನಾನು ಮತ್ತೆ ಬೀರುವಿನಲ್ಲಿಟ್ಟೆ.